ಮುಳ್ಳು ನಲವತ್ತಕ್ಕೆ ಏರುವವರೆಗೆ

ನಮ್ಮ ಕಡೆ ಯಾರಿಗಾದರೂ ಫೋನ್ ಮಾಡಿದರೆ ಮೊದಲು ಬರುವ ಪ್ರಶ್ನೆ, "ಎಂತ ವಿಶೇಷ?" ಸುಮ್ನೆ ಮಾಡಿದೆ ಅಂದರೆ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಏನೋ ಇದೆ, ಹೇಳ್ತಾ ಇಲ್ಲ ಅಂತ ಅನುಮಾನ. ಮನೆಗೆ ಹೋಗೋದೂ ಹಾಗೇ. ಮದುವೆ, ಉಪನಯನ, ಬೊಜ್ಜ (ಸತ್ತವರ ಉತ್ತರಕ್ರಿಯೆ), ಅದಿಲ್ಲದಿದ್ದರೆ ಬೇಲಿಯ ತಕರಾರು. ಇದ್ಯಾವುದೂ ಇಲ್ಲದೆ ಆದಿತ್ಯವಾರ ಬೆಳಿಗ್ಗೆ ಇನ್ನೊಬ್ಬರ ಜಗಲಿಯಲ್ಲಿ ಹೋಗಿ ಕೂರುವ ಅಭ್ಯಾಸ ಅಪ್ಪನ ಕಾಲಕ್ಕೇ ಮುಗಿದಿತ್ತು. ನನಗೂ ಅದು ಕೊರತೆ ಅಂತ ಅನಿಸಿರಲಿಲ್ಲ, ನಿಜ ಹೇಳಬೇಕಂದರೆ.

ನಾಲ್ಕು ವರ್ಷದಿಂದ ಕಾಸರಗೋಡಿನ ಬದಿಯಡ್ಕದ ಒಳಗಿರುವ ನಮ್ಮ ಮನೆಗೆ ಮೂರು ಜನ ತಪ್ಪದೆ ಬರುತ್ತಾರೆ. ವಿಶೇಷ ಏನೂ ಇರುವುದಿಲ್ಲ. ಅಂಗಳದ ಸುತ್ತ ಒಂದು ರೈಲು ಓಡುತ್ತದೆ, ಅಷ್ಟೆ.

ರೈಲು ಅಂದರೆ ಉಗಿಬಂಡಿ. ಇಂಜಿನ್ ಒಂದು ಗೇಣಿಗಿಂತ ಸ್ವಲ್ಪ ಉದ್ದ. ಹೊಟ್ಟೆಯೊಳಗೆ ತಾಮ್ರದ ಬಾಯ್ಲರ್, ಅದರಲ್ಲಿ ಒಂದು ಲೋಟ ನೀರು. ಕೆಳಗೆ ಗ್ಯಾಸಿನ ಬೆಂಕಿ. ನೀರು ಕುದಿದು ಉಗಿಯಾಗಿ, ಉಗಿ ಪಿಸ್ಟನ್ನನ್ನು ತಳ್ಳಿ, ಪಿಸ್ಟನ್ ಚಕ್ರ ತಿರುಗಿಸಿ, ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ಪುಸ್ ಪುಸ್ ಅಂತ ಹೊರಗೆ. ಬ್ಯಾಟರಿ ಇಲ್ಲ, ಸ್ಪೀಕರ್ ಇಲ್ಲ. ನೋಡಲು ಬಂದವರಲ್ಲಿ ಅರ್ಧ ಜನ ಬಗ್ಗಿ ಕೆಳಗೆ ಹುಡುಕುತ್ತಾರೆ, ಸೆಲ್ ಎಲ್ಲಿ ಹಾಕೋದು ಅಂತ.

ಇದು ನಮ್ಮಲ್ಲಿಗೆ ಬಂದದ್ದು ಇಚ್ಚನಿಂದ. ಇಚ್ಚ ಉಪ್ಪಳದವರು. ಅವರ ಹೆಸರು ಬೇರೆ ಇದೆ, ನಾವು ಕರೆಯೋದು ಇಚ್ಚ ಅಂತಲೇ. ಇಪ್ಪತ್ತಾರು ವರ್ಷ ಗಲ್ಫಿನಲ್ಲಿ ಎಸಿ ರಿಪೇರಿ ಮಾಡಿದವರು. ಅಲ್ಲಿ ಒಬ್ಬ ಇಂಗ್ಲಿಷ್ ಮುದುಕನ ಮನೆಗೆ ಎಸಿ ನೋಡಲು ಹೋದಾಗ ಕಪಾಟಿನ ಮೇಲೆ ಈ ಇಂಜಿನ್ ಕಂಡಿತಂತೆ. ಬಾಯ್ಲರಿನ ಒಂದು ಜಾಯಿಂಟ್ ಸೋರುತ್ತಿತ್ತು, ಹತ್ತು ವರ್ಷದಿಂದ ಮೂಲೆ ಸೇರಿತ್ತು. "ತಾಮ್ರ ಅಲ್ವಾ, ನಾನು ದಿನಾ ಮಾಡುವ ಕೆಲಸ ಅದೇ" ಅಂತ ಇಚ್ಚ ಹೇಳಿದರು. ಮುದುಕ ಊರಿಗೆ ಹೊರಡುವ ತಯಾರಿಯಲ್ಲಿದ್ದ. ಸರಿಮಾಡುವುದಾದರೆ ನೀನೇ ಇಟ್ಟುಕೋ ಅಂದುಬಿಟ್ಟ. ಊರಿಗೆ ಬರುವಾಗ ಇಚ್ಚ ಅದನ್ನು ಬ್ಲಾಂಕೆಟಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದರು. ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಮೆಷಿನ್ನಿನ ಮುಂದೆ ಕೂತವನು ಕೇಳಿದನಂತೆ, ಇದೆಂತ? "ರೈಲು." ಅವನು ಇನ್ನೊಮ್ಮೆ ಸ್ಕ್ರೀನ್ ನೋಡಿ, ಇಚ್ಚನ ಮುಖ ನೋಡಿ, ಹೋಗಿ ಅಂದನಂತೆ.

ಎಸಿ ಮೆಕ್ಯಾನಿಕ್ ಸಿಕ್ಕಿದ್ದು ನಮ್ಮ ಪುಣ್ಯ. ಎಸಿಯ ತಾಮ್ರದ ಪೈಪು ಬೆಸೆಯುವ ಕೈಗೆ ಬಾಯ್ಲರ್ ಬೆಸೆಯಲೂ ಬರುತ್ತದೆ. ಆದರೆ ಬಾಯ್ಲರಿಗೆ ಎಲ್ಲ ಬೆಸುಗೆಯೂ ಆಗುವುದಿಲ್ಲ. ರೇಡಿಯೋ ರಿಪೇರಿಯವರು ಬಳಸುವ ಸೀಸ-ತವರದ ಬೆಸುಗೆ ಇನ್ನೂರು ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ನೀರಿರುವಷ್ಟು ಹೊತ್ತು ಸರಿ. ನೀರು ಮುಗಿದು ಬೆಂಕಿ ಉರಿಯುತ್ತಲೇ ಇದ್ದರೆ ಬೆಸುಗೆ ಬೆಣ್ಣೆ. ಬೆಳ್ಳಿ ಜಾಸ್ತಿ ಇರುವ ಬೆಸುಗೆಗೆ ಆರುನೂರು ಡಿಗ್ರಿ ದಾಟಬೇಕು. ಅದನ್ನೇ ತರಿಸಿದರು. ಬೆಲೆ ಕೇಳಿ ನಾನು ಹೌಹಾರಿದೆ. "ಬೆಳ್ಳಿ ಮಾರಾಯ್ರೇ, ಮತ್ತೆಂತ ಪುಕ್ಕಟೆ ಸಿಗ್ತದಾ?" ಅಂದರು.

ಹಳಿ ಹಾಕಲು ಮಟ್ಟಸ ಜಾಗ ಬೇಕಿತ್ತು. ಕರೆಂಟಿನ ಆಟದ ರೈಲಾದರೆ ಏರಿನಲ್ಲಿ ಕರೆಂಟ್ ಜಾಸ್ತಿ ಕೊಡಬಹುದು. ನಮ್ಮದಕ್ಕೆ ರಿಮೋಟ್ ಇಲ್ಲ. ಉಗಿ ಬಿಡುವ ರೆಗ್ಯುಲೇಟರ್ ತಿರುಗಿಸಿ ಕೈ ಬಿಟ್ಟ ಮೇಲೆ ಅದರ ಇಷ್ಟ. ಇಳಿಜಾರು ಸಿಕ್ಕಿದರೆ ದೌಡು, ಏರು ಸಿಕ್ಕಿದರೆ ಮುಷ್ಕರ. ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಏರಿದರೆ ನಮ್ಮ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಇಂಜಿನಿಗೆ ಗೊತ್ತಾಗುತ್ತದೆ. ನೀಲಗಿರಿ ರೈಲು ಹನ್ನೆರಡೂವರೆ ಅಡಿಗೆ ಒಂದು ಅಡಿ ಏರುತ್ತದೆ ನಿಜ, ಆದರೆ ಅಲ್ಲಿ ಹಳಿಯ ನಡುವೆ ಹಲ್ಲುಪಟ್ಟಿ ಇದೆ, ಇಂಜಿನಿನ ಹಲ್ಲುಚಕ್ರ ಅದನ್ನು ಕಚ್ಚಿ ಹತ್ತುತ್ತದೆ. ನಮಗೆ ಆ ಸೌಭಾಗ್ಯ ಇಲ್ಲ. ಗುಡ್ಡ ಕಡಿದು ಮನೆ ಕಟ್ಟಿದ ಊರು ನಮ್ಮದು. ಇಲ್ಲಿ ಮಟ್ಟಸ ಅಂತ ಇರೋದು ಎರಡೇ, ಗದ್ದೆ ಮತ್ತು ಅಡಿಕೆ ಅಂಗಳ. ಗದ್ದೆಯೆಲ್ಲ ತೋಟವಾಗಿ ನಲವತ್ತು ವರ್ಷವಾಯಿತು. ಉಳಿದದ್ದು ಅಂಗಳ.

ಅಂಗಳಕ್ಕೆ ಕೈ ಹಾಕುವುದು ಸುಲಭದ ಮಾತಲ್ಲ. ಅಡಿಕೆ ಒಣಗಿಸುವ ಅಂಗಳ ಅಂದರೆ ನಮ್ಮಲ್ಲಿ ದೇವರ ಕೋಣೆಗಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೆ. ಹೆಂಡತಿ ಒಪ್ಪಿದ್ದು ಒಂದು ಕರಾರಿನ ಮೇಲೆ. ಅಂಗಳದ ಒಳಗೆ ಒಂದಿಂಚೂ ಬರಬಾರದು, ಅಂಚಿನಲ್ಲಿ ಹಾಕಿಕೊಳ್ಳಿ. ಕೈಗಾಡಿ ಒಳಗೆ ಹೋಗಲು ದಾರಿ ಬಿಡಬೇಕು. ಸರಿ, ಮುರಕಲ್ಲನ್ನು ಎರಡಡಿ ಎತ್ತರಕ್ಕೆ ಕಟ್ಟಿ ಅದರ ಮೇಲೆ ಹಳಿ. ಕೈಗಾಡಿಯ ದಾರಿಗೆ ತೆಗೆದಿಡುವ ಸೇತುವೆ. ಮೇಸ್ತ್ರಿಯ ಮಟ್ಟದ ಪೈಪು, ಅದೇ ನೀರು ತುಂಬಿದ ಪಾರದರ್ಶಕ ಪೈಪು, ಹಿಡಿದುಕೊಂಡು ನಾಲ್ಕು ಸಂಜೆ ಅಳೆದೆವು. ಅಷ್ಟು ವರ್ಷ ಮಟ್ಟಸ ಅಂದುಕೊಂಡಿದ್ದ ಅಂಗಳ ಬಾವಿಯ ಕಡೆಗೆ ಏಳು ಇಂಚು ಇಳಿದಿದೆ ಅಂತ ಆಗ ಗೊತ್ತಾಯಿತು. ಮಳೆಗಾಲದಲ್ಲಿ ನೀರು ನಿಲ್ಲಬಾರದು ಅಂತ ಅಜ್ಜ ಬೇಕೆಂದೇ ಮಾಡಿದ್ದು. ಕಲ್ಲಿನ ಕಟ್ಟೆ ಅಷ್ಟು ಎತ್ತರಿಸಿ ಸರಿಮಾಡಿದೆವು.

ಹಳಿಗಳ ನಡುವಿನ ಅಗಲ 45 ಮಿಲಿಮೀಟರ್. ಜರ್ಮನಿಯ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಅಂತ ತೋಟದ ರೈಲು ತಂದಾಗಲೂ ಇದೇ ಅಗಲ ಇಟ್ಟುಕೊಂಡಿತು. ಅಲ್ಲಿಂದ ತರಿಸಿದರೆ ಒಂದು ಮೀಟರ್ ಹಳಿಗೆ ಒಂದು ಗೊನೆ ಅಡಿಕೆ ಸಾಲದು. ನಮ್ಮದು ಫ್ಯಾಬ್ರಿಕೇಶನ್ ಅಂಗಡಿಯ ಅಲ್ಯೂಮಿನಿಯಂ ಪಟ್ಟಿ. ಅಡಿಕೆ ಮರದ ಸಲಾಕೆ ಕತ್ತರಿಸಿ ಸ್ಲೀಪರ್, ಅದಕ್ಕೆ ಗರಗಸದಲ್ಲಿ ಎರಡು ಗೀರು, ಗೀರಿನಲ್ಲಿ ಪಟ್ಟಿ. ಸುತ್ತಳತೆ 36 ಮೀಟರ್. ಮೊದಲ ಬೇಸಿಗೆಯಲ್ಲೇ ಹಳಿ ಹಾವಿನ ಹಾಗೆ ಬಳುಕಿತು. ಅಲ್ಯೂಮಿನಿಯಂ ಬಿಸಿಗೆ ಜಾಸ್ತಿ ಹಿಗ್ಗುತ್ತದೆ. ಇಪ್ಪತ್ತು ಮೀಟರ್ ಪಟ್ಟಿ ಬೆಳಿಗ್ಗೆಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ಮೂವತ್ತು ಡಿಗ್ರಿ ಬಿಸಿಯೇರಿದರೆ 14 ಮಿಲಿಮೀಟರ್ ಉದ್ದವಾಗುತ್ತದೆ. ಜಾಗ ಬಿಟ್ಟಿರಲಿಲ್ಲ. ಈಗ ಎರಡು ಮೀಟರಿಗೊಂದು ಸಂದು ಇದೆ, ಗಾಡಿ ಹೋಗುವಾಗ ಟಕ್ ಟಕ್ ಅನ್ನುತ್ತದೆ. ತಪ್ಪು ತಿದ್ದಲು ಹೋಗಿ ರೈಲಿನ ಶಬ್ದ ಸಿಕ್ಕಿತು.

ಹಳಿ ಹಾಕುವಾಗ ಬಂದು ಸೇರಿದವರು ಫೈರ್‌ಮನ್ ಅಣ್ಣ. ಕುಂಬಳೆಯಲ್ಲಿರುವ ಅವರಿಗೆ ಈಗ ಎಪ್ಪತ್ತಾರು. ಅರಸೀಕೆರೆ ಕಡೆ ಮೀಟರ್ ಗೇಜ್ ಇದ್ದಾಗ ಉಗಿ ಇಂಜಿನಿಗೆ ಕಲ್ಲಿದ್ದಲು ಹಾಕಿದವರು. ವೈಪಿ, ವೈಜಿ ಅಂತ ಇಂಜಿನುಗಳ ಜಾತಿ ಹೇಳುವಾಗ ಹಸುವಿನ ತಳಿ ಹೇಳಿದ ಹಾಗಿರುತ್ತದೆ. ಮೊದಲ ದಿನ ಬಂದು ಹಳಿಯ ನಡುವೆ ಬೆರಳಿಟ್ಟು ಅಳತೆ ಕೇಳಿದರು. ಮನಸ್ಸಿನಲ್ಲೇ ಲೆಕ್ಕ ಹಾಕಿ, "ಇಪ್ಪತ್ತೆರಡು ಚಿಲ್ಲರೆಯಿಂದ ಗುಣಿಸಿ. ಒಂದು ಮೀಟರ್ ಬರ್ತದೆ. ಇದು ನಮ್ಮ ಮೀಟರ್ ಗೇಜೇ" ಅಂದರು. ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಅವರನ್ನು ಕರೆಯಬೇಕಾಗಲಿಲ್ಲ.

ಮೂರನೆಯವರು ಮಾಷ್ಟ್ರು. ಕನ್ನಡ ಮೀಡಿಯಂ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಯಕ್ಷಗಾನಕ್ಕೆ ಚೆಂಡೆ ಮದ್ದಳೆ ಎರಡೂ ಬಾರಿಸುತ್ತಾರೆ. ಅವರಿಗೆ ಯಂತ್ರ ಅಂದರೆ ಅಲರ್ಜಿ. ಮಿಕ್ಸಿ ಕೆಟ್ಟರೂ ನನಗೆ ಫೋನ್. ಮೊದಮೊದಲು ಬಂದದ್ದು ನನ್ನ ಹೆಂಡತಿಯ ಗೋಳಿಬಜೆಗೆ ಅಂತ ಅವರೇ ಒಪ್ಪಿಕೊಳ್ಳುತ್ತಾರೆ.

ಗಾಡಿ ಓಡೋದು ಒಂದು ಸಲಕ್ಕೆ ಇಪ್ಪತ್ತು ನಿಮಿಷ. ಅದಕ್ಕೆ ಮೊದಲಿನ ತಯಾರಿಗೆ ಮುಕ್ಕಾಲು ಗಂಟೆ. ಜನ ಬರೋದು ಇಪ್ಪತ್ತು ನಿಮಿಷಕ್ಕಲ್ಲ, ಮುಕ್ಕಾಲು ಗಂಟೆಗೆ ಅಂತ ನನ್ನ ಅನುಮಾನ.

ಮೊದಲು ಕೀಲುಕೀಲಿಗೂ ಒಂದು ಹನಿ ಎಣ್ಣೆ. ಆಮೇಲೆ ಲೂಬ್ರಿಕೇಟರ್. ಇದನ್ನು ಕಂಡುಹಿಡಿದವನಿಗೆ ನಾನು ದೂರದಿಂದಲೇ ಕೈಮುಗಿಯುತ್ತೇನೆ. ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆಯ ಡಬ್ಬಿ, ಅದರೊಳಗೆ ಹರಳೆಣ್ಣೆಯ ಹಾಗೆ ಮಂದವಾದ ಸ್ಟೀಮ್ ಆಯಿಲ್. ಮೇಲ್ಭಾಗದಲ್ಲಿ ಉಗಿಯ ಕೊಳವೆ ಹಾದುಹೋಗುತ್ತದೆ, ಆ ಕೊಳವೆಗೆ ಸೂಜಿ ತೂರುವಷ್ಟು ಒಂದು ತೂತು. ಉಗಿ ತೂತಿನಿಂದ ಡಬ್ಬಿಗೆ ನುಗ್ಗಿ ತಣಿದು ನೀರಾಗುತ್ತದೆ. ನೀರು ಭಾರ, ಅಡಿಗಿಳಿಯುತ್ತದೆ. ಇಳಿದಷ್ಟೂ ಎಣ್ಣೆ ಮೇಲೆ ಬಂದು, ಅದೇ ತೂತಿನಿಂದ ಉಗಿಯ ಜೊತೆ ಸಿಲಿಂಡರಿಗೆ ಹೋಗುತ್ತದೆ. ಪಂಪಿಲ್ಲ, ಓಡಾಡುವ ಭಾಗ ಒಂದೂ ಇಲ್ಲ. ಓಟ ಮುಗಿದ ಮೇಲೆ ಡಬ್ಬಿ ತೆರೆದರೆ ಎಣ್ಣೆಯ ಜಾಗದಲ್ಲಿ ನೀರು. ಪ್ರತಿ ಸಲ ನೋಡುವಾಗಲೂ ಯಾರೋ ಕಣ್ಕಟ್ಟು ಮಾಡಿದ ಹಾಗಾಗುತ್ತದೆ.

ನೀರು ಹಾಕುವ ಕೆಲಸ ಅಮ್ಮನದು. ಬೋರಿನ ನೀರು ಹಾಕಿದರೆ ಬಾಯ್ಲರಿನ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ, ಅದನ್ನು ಕೆರೆದು ತೆಗೆಯಲು ಒಳಗೆ ಕೈ ಹೋಗುವುದಿಲ್ಲ. ಮಳೆ ಹಿಡಿದು ಒಂದು ವಾರವಾಗಿ, ಮಾಡು ಚೆನ್ನಾಗಿ ತೊಳೆದುಹೋದ ಮೇಲೆ ಅಮ್ಮ ಹಂಚಿನ ನೀರು ಹಿಡಿದು, ಪಂಚೆಯ ಬಟ್ಟೆಯಲ್ಲಿ ಸೋಸಿ, ಬಾಟಲಿಗಳಲ್ಲಿ ಇಡುತ್ತಾರೆ. ವರ್ಷಕ್ಕೆ ಮೂರುಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ಇಂಜಿನಿಗೆ ಬೇಕಾದ್ದು ವರ್ಷಕ್ಕೆ ಹತ್ತು ಬಾಟಲಿ. ಅದಕ್ಕೂ ಅಮ್ಮ ಲೆಕ್ಕ ಇಟ್ಟಿದ್ದಾರೆ. ಬಾಯ್ಲರನ್ನು ಪೂರ್ತಿ ತುಂಬಿಸಿ, ಸಿರಿಂಜಿನಲ್ಲಿ ಸ್ವಲ್ಪ ಹೊರಗೆಳೆಯಬೇಕು. ಉಗಿಗೆ ಮೇಲೆ ಜಾಗ ಬೇಕಲ್ಲ.

ಕೊನೆಗೆ ಗ್ಯಾಸ್. ಪೋರ್ಟಬಲ್ ಸ್ಟೋವಿಗೆ ಹಾಕುವ ಬ್ಯುಟೇನ್ ಡಬ್ಬಿಯಿಂದ ಇಂಜಿನಿನ ಪುಟ್ಟ ಟ್ಯಾಂಕಿಗೆ. ಇಲ್ಲೊಂದು ಜಾಣತನ ಇದೆ. ಟ್ಯಾಂಕನ್ನು ಬೇಕೆಂದೇ ಸಣ್ಣದು ಮಾಡಿರುತ್ತಾರೆ. ನೀರು ಮುಗಿಯುವ ಮೊದಲೇ ಗ್ಯಾಸ್ ಮುಗಿಯಬೇಕು. ಹಸಿವಾದರೂ ಪರವಾಗಿಲ್ಲ, ಬಾಯಾರಿಕೆ ಆಗಬಾರದು. ಹೊಗೆಪೆಟ್ಟಿಗೆಯ ಬಾಗಿಲು ತೆಗೆದು ಲೈಟರ್ ಹಿಡಿದು, ಗ್ಯಾಸ್ ಒಂದು ಕೂದಲಿನಷ್ಟು ತಿರುಗಿಸಿದರೆ ಬೆಂಕಿ ಪೊಪ್ ಅಂತ ಕೊಳವೆಯೊಳಗೆ ಹಿಂದಕ್ಕೆ ಹಾರಿ ಬರ್ನರಿನಲ್ಲಿ ಕೂರುತ್ತದೆ. ಗ್ಯಾಸ್ ಜಾಸ್ತಿಯಾದರೆ ಹಾರುವುದಿಲ್ಲ, ಬಾಗಿಲಲ್ಲೇ ನಿಂತು ಊಳಿಡುತ್ತದೆ. ಏಪ್ರಿಲ್ ಸೆಕೆಗೆ ಟ್ಯಾಂಕ್ ಬಿಸಿಯಾಗಿ ಒತ್ತಡ ಏರಿದಾಗ ಇದೇ ಗೋಳು. ಅದಕ್ಕೇ ನಾವು ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಕುತ್ತೇವೆ, ಜ್ವರ ಬಂದ ಮಗುವಿಗೆ ಹಾಕಿದ ಹಾಗೆ.

ಆಮೇಲೆ ಕಾಯೋದು. ಒತ್ತಡದ ಮೀಟರಿನ ಮುಳ್ಳು ಸೊನ್ನೆಯಲ್ಲೇ ಕೂತಿರುತ್ತದೆ. ಐದು ನಿಮಿಷ ಏನೂ ಇಲ್ಲ. ಏನೋ ಮರೆತೆವಾ ಅಂತ ಅನುಮಾನ ಶುರುವಾಗುವ ಹೊತ್ತಿಗೆ ಒಂದು ಸಣ್ಣ ನಡುಕ. ಹತ್ತು. ಇಪ್ಪತ್ತು. ಮತ್ತೆ ಬೇಗ ಏರುತ್ತದೆ. ಚದರ ಇಂಚಿಗೆ ನಲವತ್ತು ಪೌಂಡಾದಾಗ ಸೇಫ್ಟಿ ವಾಲ್ವ್ ಸಿಡುಕಲು ಸುರು. ಆ ಒತ್ತಡದಲ್ಲಿ ನೀರು ಕುದಿಯೋದು 141 ಡಿಗ್ರಿಯಲ್ಲಿ. ಅಡಿಗೆಮನೆಯ ಕುಕ್ಕರಿನಲ್ಲಿ 15 ಪೌಂಡು, 121 ಡಿಗ್ರಿ. ಒಳಗಿಂದ ಹೆಂಡತಿ ಕೂಗುತ್ತಾಳೆ, "ಮೂರು ಸೀಟಿ ಆಯ್ತು, ಇಳಿಸಿ!" ಈ ಜೋಕು ನಾಲ್ಕು ವರ್ಷದಿಂದ ನಡೆಯುತ್ತಿದೆ. ಇನ್ನೂ ಎಲ್ಲರೂ ನಗುತ್ತೇವೆ.

ಈ ಕಾಯುವ ಹೊತ್ತಿನಲ್ಲಿ ನಾಲ್ವರ ಕಣ್ಣೂ ಮುಳ್ಳಿನ ಮೇಲೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆಗ ಮಾತು ಬರುತ್ತದೆ. ಇಚ್ಚ ಮಗಳ ಮದುವೆಯ ಸಾಲದ ವಿಷಯ ಹೇಳಿದ್ದು ಹದಿನೈದು ಪೌಂಡಿನ ಹೊತ್ತಿಗೆ. ಮಾಷ್ಟ್ರು ತನಗೆ ಎಡಗಿವಿ ಮಂದವಾಗುತ್ತಿದೆ, ಇನ್ನು ಎಷ್ಟು ವರ್ಷ ಚೆಂಡೆ ಅಂತ ಗೊತ್ತಿಲ್ಲ ಅಂದದ್ದು ಮೂವತ್ತರ ಹತ್ತಿರ. ಎದುರು ಬದುರು ಕೂತು ಚಾ ಕುಡಿಯುತ್ತಿದ್ದರೆ ಇದನ್ನು ಹೇಳುತ್ತಿರಲಿಲ್ಲ. ಕೇಳಿದ ನಾವೂ ಏನೋ ಸಮಾಧಾನ ಹೇಳಲು ಹೋಗಿ ಕೆಡಿಸುತ್ತಿದ್ದೆವು. ಇಲ್ಲಿ ಅಷ್ಟರಲ್ಲಿ ನಲವತ್ತಾಗಿ, ಎಲ್ಲರೂ ಎದ್ದು ನಿಂತು, ಮಾತು ಹಾಗೇ ಉಳಿಯಿತು.

ಹೊರಡುವಾಗ ಸಿಲಿಂಡರ್ ತಣ್ಣಗಿರುತ್ತದೆ. ಉಗಿ ಒಳಗೆ ಹೋದದ್ದೇ ನೀರಾಗುತ್ತದೆ. ನೀರನ್ನು ಪಿಸ್ಟನ್ ಒತ್ತಲಾಗುವುದಿಲ್ಲ. ಅದಕ್ಕೆ ಇಂಜಿನನ್ನು ಕೈಯಲ್ಲಿ ಹಿಂದೆ ಮುಂದೆ ತಳ್ಳಬೇಕು. ಚಿಮಣಿಯಿಂದ ಎಣ್ಣೆ ಬೆರೆತ ಬಿಸಿನೀರು ಉಗುಳುತ್ತದೆ. ಫೈರ್‌ಮನ್ ಅಣ್ಣನ ಎಲ್ಲ ಬಿಳಿ ಪಂಚೆಗಳಲ್ಲೂ ಆ ಚುಕ್ಕೆಗಳಿವೆ. ಒಂದೆರಡು ಸುತ್ತಿನ ನಂತರ ಎಲ್ಲ ಹದಕ್ಕೆ ಬಂದು, 36 ಮೀಟರಿನ ಸುತ್ತಿಗೆ ಒಂದು ನಿಮಿಷ. ನಿಜ ರೈಲಿನ ಲೆಕ್ಕಕ್ಕೆ ತಿರುಗಿಸಿದರೆ ಗಂಟೆಗೆ 48 ಕಿಲೋಮೀಟರ್. ಪ್ಯಾಸೆಂಜರ್ ಗಾಡಿಗೆ ಸಾಕಲ್ವಾ?

ವಿಘ್ನಗಳಿಗೆ ಕೊರತೆ ಇಲ್ಲ. ಹಳಿಯ ಮೇಲೆ ಒಂದು ಅಡಿಕೆ ಸಾಕು, ಗಾಡಿ ಕೆಳಗೆ. ಅಡಿಕೆ ಹಾಳೆ ಬಿದ್ದರೆ ಇಡೀ ದಾರಿಯೇ ಬಂದ್. ಮಕ್ಕಳು ಸುರಂಗ ಬೇಕು ಅಂತ ಹಟ ಮಾಡಿದ್ದಕ್ಕೆ ಮುರಕಲ್ಲಿನಲ್ಲಿ ಒಂದು ಕಟ್ಟಿದೆವು. ನಮ್ಮ ಊರಲ್ಲಿ ಸುರಂಗ ಅಂದರೆ ನೀರಿನದು, ಗುಡ್ಡಕ್ಕೆ ಅಡ್ಡಲಾಗಿ ಕೊರೆದು ಒಸರು ಹುಡುಕುವುದು. ನಮ್ಮ ತೋಟಕ್ಕೆ ಈಗಲೂ ಅದರದೇ ನೀರು. ಹಾಗಾಗಿ ರೈಲಿನ ಸುರಂಗ ನೋಡಿ ತೋಟದ ಕೆಲಸಕ್ಕೆ ಬರುವವರು "ನೀರು ಸಿಕ್ಕಿತಾ?" ಅಂತ ಕೇಳುತ್ತಾರೆ. ನೀರು ಸಿಗಲಿಲ್ಲ, ಕೇರೆ ಹಾವು ಸಿಕ್ಕಿತು. ಒಂದು ದಿನ ಒಳಗೆ ಹೋದ ಗಾಡಿ ಹೊರಗೆ ಬರಲೇ ಇಲ್ಲ.

ಅಮ್ಮನಿಗೆ ಮಾತ್ರ ಸುರಂಗ ಅಂದರೆ ಕಳನಾಡು. 1907ರಲ್ಲಿ ಮಂಗಳೂರು ಮುಟ್ಟಿದ ಹಳಿ ಅದು. 1959ರಲ್ಲಿ ಮದುವೆಯಾಗಿ ಕಾಞಂಗಾಡಿನಿಂದ ಕುಂಬಳೆಗೆ ಅಮ್ಮ ಬಂದದ್ದು ಅದೇ ದಾರಿಯಲ್ಲಿ, ಉಗಿಬಂಡಿಯಲ್ಲಿ. "ಸುರಂಗ ಬರ್ತದೆ, ಕಿಟಕಿ ಹಾಕು" ಅಂತ ಯಾರೋ ಕೂಗಿದರಂತೆ. ಹೊಸ ಹೆಣ್ಣು, ಕಿಟಕಿ ಹೇಗೆ ಹಾಕೋದು ಅಂತ ಗೊತ್ತಿಲ್ಲ, ಕೇಳಲು ನಾಚಿಕೆ. ಸುರಂಗ ದಾಟಿ ಚಂದ್ರಗಿರಿ ಹೊಳೆಯ ಸೇತುವೆ ಬರುವ ಹೊತ್ತಿಗೆ ಧಾರೆ ಸೀರೆಯ ತುಂಬ ಮಸಿ. "ಗಂಡನ ಮನೆಗೆ ಮಸಿ ಬಳ್ಕೊಂಡು ಬಂದವಳು ನಾನೊಬ್ಬಳೇ" ಅನ್ನುತ್ತಾರೆ. ನಾನು ಐವತ್ತು ವರ್ಷ ಅವರ ಜೊತೆ ಇದ್ದವನು. ಈ ಕಥೆ ಕೇಳಿದ್ದು ಇಂಜಿನ್ ಬಂದ ಮೇಲೆ.

ಸ್ಟೇಷನ್ನಿಗೆ ಹೆಸರಿಡುವಾಗ ಸಣ್ಣದೊಂದು ಭಾಷಾ ಚಳವಳಿ ನಡೆಯಿತು. ಕಾಸರಗೋಡಿನಲ್ಲಿ ಬೋರ್ಡು ಬರೆಯುವುದು ಅಂದರೆ ಸುಮ್ನೆ ಆಗುತ್ತದಾ? 1956ರಲ್ಲಿ ಕೇರಳಕ್ಕೆ ಸೇರಿದ ಗಾಯ ಇನ್ನೂ ಇರುವ ಊರು. ಕನ್ನಡ ಮೇಲೆ ಬರಬೇಕು ಅಂತ ಮಾಷ್ಟ್ರು. ಮಲಯಾಳ ಇಲ್ಲದಿದ್ದರೆ ನನ್ನ ಮೊಮ್ಮಕ್ಕಳು ಎಲ್ಲಿ ಇಳಿಯೋದು ಅಂತ ಇಚ್ಚ. ತುಳುವಿಗೆ ಜಾಗ ಎಲ್ಲಿ ಅಂತ ಫೈರ್‌ಮನ್ ಅಣ್ಣ. ಹೆಸರು ಮಾತ್ರ ಒಂದೇ ಬಾಯಲ್ಲಿ ಒಪ್ಪಿದ್ದು, "ಅಂಗಳ ರೋಡ್". ಊರಿಂದ ದೂರ ಇರುವ ಸ್ಟೇಷನ್ನಿಗೆಲ್ಲ ರೈಲ್ವೆಯವರು ರೋಡ್ ಅಂತ ಹಾಕುತ್ತಾರಲ್ಲ, ಹಾಗೆ. ಕೊನೆಗೆ ಬೋರ್ಡಿನ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮಲಯಾಳ, ಕೆಳಗೆ ಸಮುದ್ರ ಮಟ್ಟದಿಂದ ಎತ್ತರ. ಆ ಎತ್ತರ ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ಬಂತು. ಅದನ್ನು ಖಾಲಿ ಬಿಟ್ಟಿದ್ದೇವೆ.

ದೊಡ್ಡ ಅನಾಹುತ ಆದದ್ದು ಎರಡನೇ ವರ್ಷ. ಬೆಂಗಳೂರಿಂದ ಬಂದ ಅಳಿಯ, ಅಂದರೆ ತಂಗಿಯ ಮಗ, ಬೋಗಿ ಜೋಡಿಸುವ ಮೊದಲೇ ರೆಗ್ಯುಲೇಟರ್ ಪೂರ್ತಿ ತಿರುಗಿಸಿದ. ಹಿಂದೆ ಭಾರ ಇಲ್ಲದ ಇಂಜಿನ್ ಕಟ್ಟಿ ಬಿಚ್ಚಿದ ಕರುವಿನ ಹಾಗೆ ಹೋಯಿತು. ಬಾವಿಯ ಬದಿಯ ತಿರುವಿನಲ್ಲಿ ಹಾರಿ ಕೆಳಗೆ. ಅಲ್ಲಿ ಅಡಿಕೆ ಸಿಪ್ಪೆಯ ರಾಶಿ ಇತ್ತು, ಪುಣ್ಯಕ್ಕೆ ಏನೂ ಮುರಿಯಲಿಲ್ಲ. ನಾವು ಅಬ್ಬ ಅಂತ ಉಸಿರು ಬಿಡುವಷ್ಟರಲ್ಲಿ ಸಿಪ್ಪೆಯಿಂದ ಹೊಗೆ. ಬರ್ನರ್ ಉರಿಯುತ್ತಲೇ ಇತ್ತು! ಫೈರ್‌ಮನ್ ಅಣ್ಣ ಬರಿಗೈಯಲ್ಲಿ ಗ್ಯಾಸ್ ತಿರುಗಿಸಲು ಹೋಗಿ ಎರಡು ಬೆರಳು ಸುಟ್ಟುಕೊಂಡರು. ಇಚ್ಚ "ನೀರು ಹಾಕ್ಬೇಡಿ, ಬಿಸಿ ಇಂಜಿನಿಗೆ ನೀರು ಹಾಕ್ಬೇಡಿ" ಅಂತ ಕೂಗುತ್ತಿದ್ದರು. ಅಷ್ಟರಲ್ಲಿ ಹೆಂಡತಿ ಒಂದು ಕೊಡಪಾನ ನೀರು ಸುರಿದಾಗಿತ್ತು. "ನಿಮ್ಮ ಇಂಜಿನ್ ದೊಡ್ಡದಾ, ನನ್ನ ಹಟ್ಟಿ ದೊಡ್ಡದಾ?" ದನದ ಹಟ್ಟಿ ಹತ್ತು ಅಡಿ ದೂರದಲ್ಲಿತ್ತು, ಮಾಡಿಗೆ ಸೋಗೆ. ಯಾರೂ ಉತ್ತರ ಕೊಡಲಿಲ್ಲ. ಈಗ ಸಿಪ್ಪೆಯ ರಾಶಿ ತೋಟದ ಆಚೆ ಕಡೆ. ಗಾಡಿ ಓಡುವಾಗ ಎರಡು ಬಕೆಟ್ ಮರಳು ಅಂಗಳದಲ್ಲೇ ಇರುತ್ತದೆ.

ಬಿದ್ದ ಬಾಯ್ಲರಿಗೆ ಪರೀಕ್ಷೆ ಆಗದೆ ಬೆಂಕಿ ಹಾಕುವ ಹಾಗಿಲ್ಲ. ಪರೀಕ್ಷೆ ನೀರಿನಲ್ಲೇ ಆಗಬೇಕು, ಗಾಳಿಯಲ್ಲಿ ಅಲ್ಲ. ಗಾಳಿ ಕುಗ್ಗಿ ಸಿಟ್ಟು ಕಟ್ಟಿಕೊಂಡಿರುತ್ತದೆ, ಬಿರುಕು ಸಿಕ್ಕರೆ ಸಿಡಿಯುತ್ತದೆ. ನೀರು ಕುಗ್ಗುವುದಿಲ್ಲ, ಬಿರುಕು ಬಿಟ್ಟರೆ ಒಂದು ಹನಿ ತೊಟ್ಟಿಕ್ಕಿ ಒತ್ತಡ ಇಳಿದೇ ಹೋಗುತ್ತದೆ. ಓಡುವಾಗಿನ ಎರಡರಷ್ಟು, ಅಂದರೆ 80 ಪೌಂಡು, ಏರಿಸಬೇಕು. ಅದಕ್ಕೆ ಪಂಪು ಎಲ್ಲಿಂದ? ಕೊಳೆರೋಗಕ್ಕೆ ಮದ್ದು ಬಿಡುವ ಕೈಪಂಪು ಅಟ್ಟದಲ್ಲಿತ್ತು. ಮೈಲುತುತ್ತಿನ ನೀಲಿ ಹೋಗುವವರೆಗೆ ತೊಳೆದು ಅದರ ಪೈಪು ಬಾಯ್ಲರಿಗೆ ಜೋಡಿಸಿದೆವು. ಅರ್ಧ ಅಡಿ ಎಳೆದರೆ ಸಾಕಿತ್ತು, ಮುಳ್ಳು ಎಂಬತ್ತಕ್ಕೆ ಹೋಗಿ ನಿಂತಿತು. ಹತ್ತು ನಿಮಿಷ ಅಲ್ಲಾಡಲಿಲ್ಲ. ಇಚ್ಚನ ಬೆಸುಗೆ.

ಆದರೆ ಗಾಡಿ ಸರಿ ಇರಲಿಲ್ಲ. ಓಡುತ್ತಿತ್ತು, ಎಳೆಯುತ್ತಿರಲಿಲ್ಲ. ಮೂರು ಬೋಗಿ ಕಟ್ಟಿದರೆ ತಿರುವಿನಲ್ಲಿ ಏದುಸಿರು. ನಾವು ಮೂವರು ಎರಡು ವಾರ ಎಲ್ಲ ಬಿಚ್ಚಿ ಕಟ್ಟಿ ನೋಡಿದೆವು. ಮಾಷ್ಟ್ರು ಗೋಳಿಬಜೆ ತಿನ್ನುತ್ತಾ ಜಗಲಿಯಲ್ಲಿದ್ದರು. "ವಿಳಂಬದಲ್ಲಿ ಓಡಿಸಿ ನೋಡುವ" ಅಂದರು.

ಎರಡು ಸಿಲಿಂಡರಿನ ಇಂಜಿನ್, ಪಿಸ್ಟನ್ನಿಗೆ ಎರಡೂ ಕಡೆಯಿಂದ ಉಗಿ. ಚಕ್ರ ಒಂದು ಸುತ್ತು ತಿರುಗಿದರೆ ಚಿಮಣಿಯಲ್ಲಿ ನಾಲ್ಕು ಪೆಟ್ಟು. ನಮ್ಮ ಚಕ್ರ 50 ಮಿಲಿಮೀಟರ್. ಮಾಮೂಲು ಓಟದಲ್ಲಿ ಸೆಕೆಂಡಿಗೆ ಹದಿನೈದು ಪೆಟ್ಟು ಬೀಳುತ್ತದೆ, ಕಿವಿಗೆ ಬರೀ ಬುಸ್ ಅಂತ. ಬೋಗಿಯಲ್ಲಿ ಒಂದು ಮುರಕಲ್ಲಿನ ತುಂಡು ಇಟ್ಟು, ರೆಗ್ಯುಲೇಟರ್ ಕಡಿಮೆ ಮಾಡಿ, ಬಸವನಹುಳದ ಹಾಗೆ ಬಿಟ್ಟೆವು. ಮಾಷ್ಟ್ರು ಇಳಿದು ಬಂದು ಬಲಗಿವಿ ಹತ್ತಿರ ಹಿಡಿದು ಗಾಡಿಯ ಜೊತೆ ಬಗ್ಗಿಕೊಂಡೇ ನಡೆದರು. ತೊಡೆಯ ಮೇಲೆ ಬೆರಳು ಬಡಿಯುತ್ತಿತ್ತು. ಅರ್ಧ ಸುತ್ತು ಆಗಿರಬೇಕು.

"ಎರಡನೇದು ಜೋರು ಬೀಳ್ತದೆ. ನಾಲ್ಕನೇದು ಸೊರಗಿ ಉಂಟು. ಒಂದು, ಮೂರು ಸಮ."

ಫೈರ್‌ಮನ್ ಅಣ್ಣ ಕುರ್ಚಿಯಿಂದ ಎದ್ದೇಬಿಟ್ಟರು. "ಎರಡು, ನಾಲ್ಕು ಒಂದೇ ಸಿಲಿಂಡರಿದ್ದು ಮಾಷ್ಟ್ರೇ! ಒಂದು ಮೂರು ಒಂದು ಬದಿ, ಎರಡು ನಾಲ್ಕು ಇನ್ನೊಂದು ಬದಿ." ಒಂದೇ ಸಿಲಿಂಡರಿನ ಒಂದು ತುದಿಗೆ ಉಗಿ ಜಾಸ್ತಿ ಹೋಗುತ್ತಿದೆ, ಇನ್ನೊಂದು ತುದಿಗೆ ಕಡಿಮೆ. ಅಂದರೆ ಆ ಬದಿಯ ವಾಲ್ವ್ ನಡುವೆ ಕೂತಿಲ್ಲ. ಬಿಚ್ಚಿ ನೋಡಿದರೆ ಬಲಬದಿಯ ವಾಲ್ವ್ ಕಡ್ಡಿಯ ನಟ್ಟು ಬಿದ್ದ ಪೆಟ್ಟಿಗೆ ಒಂದು ಸುತ್ತು ಸಡಿಲಾಗಿತ್ತು. ಸಾಸಿವೆಕಾಳಿನಷ್ಟು ನಟ್ಟು. ಬಿಗಿ ಮಾಡಿ ಓಡಿಸಿದರೆ ನಾಲ್ಕೂ ಪೆಟ್ಟು ಅಚ್ಚುಕಟ್ಟು. ಹಿಂದೆ ಶೆಡ್ಡಿನಲ್ಲೂ ಹೀಗೇ, ಡ್ರೈವರುಗಳು ಶಬ್ದ ಕೇಳಿಯೇ ದೋಷ ಹೇಳುತ್ತಿದ್ದರು ಅಂತ ಅಣ್ಣ. ಮಾಷ್ಟ್ರು ಏನೂ ಹೇಳಲಿಲ್ಲ. ಆದರೆ ಆ ದಿನ ಎರಡು ಗೋಳಿಬಜೆ ಜಾಸ್ತಿ ತಿಂದರು. ಎಡಗಿವಿಯ ಮಾತು ಮತ್ತೆ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಗಾಡಿ ಓಡಿಸಲು ಒಳ್ಳೆಯ ಕಾಲ ಯಾವುದು ಅಂತ ಕೇಳಿದರೆ ಬೇಸಿಗೆ ಅಂತ ಎಲ್ಲರೂ ಊಹಿಸುತ್ತಾರೆ. ತಪ್ಪು. ಬಿಸಿಲಿಗೆ ಉಗಿ ಕಾಣುವುದೇ ಇಲ್ಲ, ಚಿಮಣಿಯಿಂದ ಹೊರಬಿದ್ದದ್ದೇ ಗಾಳಿಯಲ್ಲಿ ಮಾಯ. ತಂಪು, ತೇವ ಇದ್ದರೆ ಉಗಿ ಬೇಗ ಹನಿಗಟ್ಟಿ ಬೆಳ್ಳಗೆ ನಿಲ್ಲುತ್ತದೆ. ಅದಕ್ಕೆ ನಮ್ಮ ಕಾಲ ಆಟಿ, ತುಳುವರ ಮಳೆಗಾಲದ ತಿಂಗಳು. ತೋಟದ ಕೆಲಸ ಕಡಿಮೆ, ಅಂಗಳದಲ್ಲಿ ಅಡಿಕೆ ಇಲ್ಲ, ಮದುವೆ ಮುಂಜಿ ಇಲ್ಲ. ಮಳೆ ಬಿಟ್ಟ ಒಂದು ಗಂಟೆ ಸಿಕ್ಕಿದರೆ ಸಾಕು. ಹಳಿ ಒದ್ದೆಯಾದರೂ ಕೊಳೆಯಾದರೂ ತೊಂದರೆ ಇಲ್ಲ, ಹಳಿಯಲ್ಲಿ ಕರೆಂಟ್ ಹರಿಯಬೇಕಾಗಿಲ್ಲವಲ್ಲ. ಸ್ವಲ್ಪ ಜಾರುತ್ತದೆ, ಅಷ್ಟೆ.

ಕಳೆದ ಆದಿತ್ಯವಾರ ಹಾಗೇ ಆಯಿತು. ರಾತ್ರಿಯಿಡೀ ಸುರಿದು ಎಂಟು ಗಂಟೆಗೆ ಬಿಟ್ಟಿತು. ಒಂಬತ್ತಕ್ಕೆ ಮುಳ್ಳು ನಲವತ್ತು. ಮೊದಲ ಸುತ್ತಿನಲ್ಲೇ ಉಗಿ ಬೋಗಿಗಳ ಮೇಲೆ ಹಾಸಿಕೊಂಡು, ಬಾವಿಕಟ್ಟೆ ದಾಟಿ, ಅಡಿಕೆ ಮರಗಳ ಬುಡದಲ್ಲಿ ಸುಮಾರು ಹೊತ್ತು ನಿಂತಿತು. ಇಂಜಿನ್ ಎದುರು ಬದಿಗೆ ಹೋದರೂ ಅದರ ಉಗಿ ಈ ಬದಿಯಲ್ಲೇ ಇತ್ತು. ಅಮ್ಮ ಸೆರಗು ಮೂಗಿಗೆ ಹಿಡಿದರು. ಕಲ್ಲಿದ್ದಲಲ್ಲ, ಗ್ಯಾಸು, ಮಸಿ ಬರುವುದಿಲ್ಲ ಅಂತ ಎಷ್ಟು ಹೇಳಿದರೂ ಕೈ ಹೋಗುತ್ತದೆ.

ಹದಿನೆಂಟನೇ ಸುತ್ತಿಗೆ ಗ್ಯಾಸ್ ಮುಗಿದು ಗಾಡಿ ಸುರಂಗದ ಬಾಯಲ್ಲಿ ನಿಂತಿತು. ಮತ್ತೆ ಮಳೆ ಸುರು. ಇಂಜಿನನ್ನು ಬಟ್ಟೆಯಲ್ಲಿ ಹಿಡಿದು ಜಗಲಿಗೆ ತಂದಿಟ್ಟೆವು. ತಣಿಯುವಾಗ ತಾಮ್ರ ಟಿಣ್ ಟಿಣ್ ಅನ್ನುತ್ತಿತ್ತು. ಊಟದ ಹೊತ್ತಿಗೆ ಮೂವರೂ ಕೊಡೆ ಬಿಡಿಸಿಕೊಂಡು ಹೋದರು.

ಸಂಜೆ ಇಚ್ಚನಿಗೆ ಫೋನ್ ಮಾಡಿದೆ.

"ಎಂತ ವಿಶೇಷ?"

"ಎಂತ ಇಲ್ಲ. ಬರುವ ವಾರ ಮಳೆ ಬಿಟ್ರೆ ಬನ್ನಿ. ಬರುವಾಗ ಫಿಲ್ಲರಿನ ಓ-ರಿಂಗ್ ಒಂದು ತನ್ನಿ, ಇದು ಸೋರ್ತಾ ಉಂಟು."

"ಎಷ್ಟು ಎಂಎಂ?"

ನಾನು ಅಳೆಯಲು ಎದ್ದು ಹೋದೆ.